ಪ್ರವಾಸ ಪುಟದ ಚಿತ್ರಗಳಲ್ಲಿ ಪ್ರವಾಸಿಗರೂ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯೂ ಸೇರಿದಂತೆ ಹೆಚ್ಚುಕಡಿಮೆ ಎಲ್ಲ ಪತ್ರಿಕೆಗಳ ಪ್ರವಾಸ ಪುರವಣಿಯಲ್ಲಿ ಒಂದು ಅಲಿಖಿತ ನಿಯಮ ಇದ್ದಂತಿದೆ. ಬರಹದಲ್ಲಿ ‘ಪ್ರವಾಸಿಗರ ದಂಡೇ ಹರಿದು ಬರುತ್ತದೆ’ ಎಂದಿರುತ್ತದೆ. ಪಕ್ಕದ ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಸುದ್ದಿ ಪುಟದ ಚಿತ್ರದಿಂದ ಒಬ್ಬ ವ್ಯಕ್ತಿಯನ್ನು ಅಳಿಸಿದರೆ ಛಾಯಾಗ್ರಾಹಕನ ಕೆಲಸವೇ ಹೋಗಬಹುದು. ಪ್ರವಾಸ ಪುಟದಲ್ಲಿ ನೂರು ಜನರನ್ನು ಅಳಿಸಿದರೆ ‘ಎಂಥ ರಮಣೀಯ ದೃಶ್ಯ’ ಎಂಬ ಮೆಚ್ಚುಗೆ. ಈ ಎರಡು ಅಳತೆಗೋಲುಗಳ ಬಗ್ಗೆ, ಪ್ರವಾಸಿಗರನ್ನು ಚೌಕಟ್ಟಿನೊಳಗೆ ಇಟ್ಟುಕೊಂಡೇ ಒಳ್ಳೆಯ ಚಿತ್ರ ತೆಗೆಯುವುದು ಹೇಗೆ ಎಂಬುದರ ಬಗ್ಗೆ ಈ ಪತ್ರ. ತುಸು ಉದ್ದವಾಗಿದೆ, ಕತ್ತರಿಸುವ ಹಕ್ಕು ನಿಮ್ಮದೇ.

ಮೊದಲು, ಜನ ಮಾಯವಾಗುವುದು ಹೇಗೆ ಎಂದು ನೋಡೋಣ. ನಸುಕಿನಲ್ಲಿ ಹೋಗಿ ತೆಗೆಯುವುದು ಹಳೆಯ ದಾರಿ, ಅದರಲ್ಲಿ ಮೋಸವೇನೂ ಇಲ್ಲ. ಎರಡನೆಯದು ಎನ್‌ಡಿ ಫಿಲ್ಟರ್, ಎಂದರೆ ಲೆನ್ಸಿಗೆ ಬೀಳುವ ಬೆಳಕನ್ನು ತಗ್ಗಿಸುವ ಗಾಜು. ಹತ್ತು ಸ್ಟಾಪ್‌ನ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ) ಕಪ್ಪು ಗಾಜು ಹಾಕಿದರೆ ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಮುಗಿಯುತ್ತಿದ್ದ ಎಕ್ಸ್‌ಪೋಷರ್ (ಸೆನ್ಸರ್‌ಗೆ ಬೆಳಕು ಬೀಳುವ ಹೊತ್ತು) ಸುಮಾರು 17 ಸೆಕೆಂಡಿಗೆ ಹಿಗ್ಗುತ್ತದೆ. ಅಷ್ಟು ಹೊತ್ತಿನಲ್ಲಿ ನಡೆದುಹೋದವರ ಗುರುತು ಸೆನ್ಸರ್ ಮೇಲೆ ಉಳಿಯುವುದಿಲ್ಲ. ಆದರೆ ಸೆಲ್ಫಿಗೆಂದು ಕದಲದೆ ನಿಂತವರು ಅರೆಪಾರದರ್ಶಕ ಭೂತಗಳಂತೆ ಉಳಿದುಬಿಡುತ್ತಾರೆ. ಇದೇನೂ ಹೊಸ ಸಂಗತಿಯಲ್ಲ. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಫ್ರಾನ್ಸಿನ ಡಾಗೇರ್ ಪ್ಯಾರಿಸ್‌ನ ಗಿಜಿಗುಡುವ ಬೀದಿಯೊಂದನ್ನು ಸೆರೆಹಿಡಿದಾಗ ಎಕ್ಸ್‌ಪೋಷರ್ ನಿಮಿಷಗಟ್ಟಲೆ ನಡೆದಿತ್ತು. ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದವನೊಬ್ಬ ಮಾತ್ರ ಸ್ಪಷ್ಟವಾಗಿ ಉಳಿದ. ಆಗ ಅದು ತಂತ್ರದ ಮಿತಿಯಾಗಿತ್ತು. ಈಗ ಅದನ್ನೇ ದುಡ್ಡು ಕೊಟ್ಟು ಕೊಳ್ಳುತ್ತೇವೆ.

ಮೂರನೆಯ ದಾರಿ ಇನ್ನೂ ಅಚ್ಚುಕಟ್ಟು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಕೈಯಾರೆ ಸ್ಥಿರಗೊಳಿಸಿ, ಹತ್ತಿಪ್ಪತ್ತು ಸೆಕೆಂಡಿಗೊಂದರಂತೆ ಹದಿನೈದು ಚಿತ್ರ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಪ್ರತಿ ಪಿಕ್ಸೆಲ್‌ನ ಮಧ್ಯಮ ಮೌಲ್ಯವನ್ನು (ಎಲ್ಲ ಚಿತ್ರಗಳ ಮೌಲ್ಯಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು) ಮಾತ್ರ ಉಳಿಸುವುದು. ಯಾವ ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ಚಿತ್ರಗಳಲ್ಲಿ ಜನರಿದ್ದಾರೋ ಅಲ್ಲಿ ಜನ ಪೂರ್ತಿ ಮಾಯ. ವ್ಯೂ ಪಾಯಿಂಟಿನ ಅಂಚಿಗೆ ಹಾಕಿದ ಕಂಬಿಗೆ ಸದಾ ಯಾರಾದರೊಬ್ಬರು ಒರಗಿಕೊಂಡೇ ಇರುವ ಜಾಗದಲ್ಲಿ ಈ ಲೆಕ್ಕ ಕೈಕೊಡುತ್ತದೆ, ಅಲ್ಲಿ ಬಣ್ಣ ಬಣ್ಣದ ಕಲೆ ಉಳಿಯುತ್ತದೆ. ಮೋಡ ಸರಿದು ಬೆಳಕು ಬದಲಾದರೂ ಕೆಡುತ್ತದೆ. ನಾಲ್ಕನೆಯದು ಫೋನಿನ ‘ಅಳಿಸು’ ಗುಂಡಿ. ಅದು ಮನುಷ್ಯನನ್ನು ಅಳಿಸಿ ಅವನ ನೆರಳನ್ನು ನೆಲದ ಮೇಲೆ ಬಿಡುತ್ತದೆ, ನೀರಿನಲ್ಲಿ ಪ್ರತಿಬಿಂಬವನ್ನು ಬಿಡುತ್ತದೆ, ಕಂಬಿಯ ಸರಳುಗಳ ಅಂತರವನ್ನು ತಪ್ಪಾಗಿ ತುಂಬುತ್ತದೆ. ನಿಮ್ಮ ಚಿತ್ರ ವಿಭಾಗದವರು ಬಂದ ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ ಈ ಮೂರು ಕಡೆ ಕಣ್ಣು ಹಾಯಿಸಿದರೆ ಸಾಕು, ಕೈಚಳಕ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ.

‘ಇರಲಿ ಬಿಡಿ, ಚೆಂದಕ್ಕೆ ತಾನೇ’ ಎನ್ನಬಹುದು. ಚೆಂದಕ್ಕೆ ಎಂದು ಶುರುವಾದದ್ದು ಅಷ್ಟಕ್ಕೇ ನಿಲ್ಲುವುದಿಲ್ಲ ಎನ್ನುವುದಕ್ಕೆ ಇನ್ನೂರೈವತ್ತು ವರ್ಷಗಳ ದಾಖಲೆ ಇದೆ. ಇಂಗ್ಲೆಂಡಿನ ಸರೋವರ ಜಿಲ್ಲೆಗೆ ಹೋಗುತ್ತಿದ್ದ ಹದಿನೆಂಟನೇ ಶತಮಾನದ ಪ್ರವಾಸಿಗರ ಜೇಬಿನಲ್ಲಿ ಒಂದು ಪುಟ್ಟ ಕನ್ನಡಿ ಇರುತ್ತಿತ್ತು. ತುಸು ಉಬ್ಬಿದ, ಕಪ್ಪು ಬಣ್ಣದ ಗಾಜು; ವರ್ಣಚಿತ್ರಕಾರ ಕ್ಲೋಡ್ ಲೊರೇನ್‌ನ ಹೆಸರಿನಲ್ಲಿ ‘ಕ್ಲೋಡ್ ಗಾಜು’ ಎಂದೇ ಪ್ರಸಿದ್ಧ. ಉಬ್ಬಿನಿಂದಾಗಿ ಇಡೀ ಕಣಿವೆ ಅಂಗೈಯಗಲಕ್ಕೆ ಕುಗ್ಗುತ್ತಿತ್ತು, ಕಪ್ಪಿನಿಂದಾಗಿ ಬಣ್ಣಗಳು ಮಂಕಾಗಿ ಹಳೆಯ ಚಿತ್ರಪಟದ ಕಳೆ ಬರುತ್ತಿತ್ತು. ಬಳಸಬೇಕಾದರೆ ಬೆಟ್ಟಕ್ಕೆ ಬೆನ್ನು ಹಾಕಿ ನಿಲ್ಲಬೇಕು! ಕವಿ ಥಾಮಸ್ ಗ್ರೇ 1769ರಲ್ಲಿ ಹೀಗೆ ಗಾಜು ಹಿಡಿದುಕೊಂಡೇ ಕೆಸರಿನ ಓಣಿಯಲ್ಲಿ ಅಂಗಾತ ಬಿದ್ದು, ಕೈಗೆಣ್ಣು ತರಚಿಕೊಂಡು, ಆದರೂ ಬಿಡದೆ ಸೂರ್ಯಾಸ್ತ ನೋಡಿಯೇ ಹೊರಟೆನೆಂದು ಬರೆದಿಟ್ಟಿದ್ದಾನೆ. ಸೆಲ್ಫಿ ತೆಗೆಯುವವರನ್ನು ಕಂಡರೆ ಉರಿದುಬೀಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

1778ರಲ್ಲಿ ಥಾಮಸ್ ವೆಸ್ಟ್ ಅದೇ ಸರೋವರಗಳಿಗೆ ಕೈಪಿಡಿ ಬರೆದು, ಯಾವ ಯಾವ ಜಾಗದಲ್ಲಿ ನಿಂತು ಯಾವ ಕಡೆ ನೋಡಬೇಕು ಎಂದು ಗೊತ್ತುಮಾಡಿಕೊಟ್ಟ. ಮುಂದಿನ ದಶಕಗಳಲ್ಲಿ ಅಂಥದೊಂದು ಜಾಗದಲ್ಲಿ, ವಿಂಡರ್‌ಮಿಯರ್ ಸರೋವರದ ದಡದ ಕ್ಲೈಫ್‌ನಲ್ಲಿ, ನೋಡುವುದಕ್ಕೆಂದೇ ಕಟ್ಟಡ ಎದ್ದಿತು. ಕಿಟಕಿಗಳಿಗೆ ಬಣ್ಣದ ಗಾಜು: ಒಂದರಲ್ಲಿ ನೋಡಿದರೆ ಚಳಿಗಾಲ, ಇನ್ನೊಂದರಲ್ಲಿ ವಸಂತ. ಫೋನಿನ ಫಿಲ್ಟರ್‌ಗಳನ್ನು ಹೊಸ ಪೀಳಿಗೆಯ ಗೀಳು ಎಂದು ಹಳಿಯುವಂತಿಲ್ಲ.

ಅಮೆರಿಕದ ಯೊಸೆಮಿಟಿ ಕಣಿವೆಯ ಕತೆ ಇದಕ್ಕಿಂತ ಗಂಭೀರ. ಛಾಯಾಗ್ರಾಹಕ ಕಾರ್ಲಟನ್ ವಾಟ್‌ಕಿನ್ಸ್ 1861ರಲ್ಲಿ 18×22 ಇಂಚಿನ ಗಾಜಿನ ಫಲಕಗಳ ಮೇಲೆ ಅಲ್ಲಿನ ಬಂಡೆಗಳನ್ನೂ ಜಲಪಾತಗಳನ್ನೂ ಸೆರೆಹಿಡಿದ. 1864ರಲ್ಲಿ ಆ ಕಣಿವೆಯನ್ನು ಕಾಯ್ದಿಡುವ ಕಾಯ್ದೆಗೆ ಲಿಂಕನ್ ಸಹಿ ಹಾಕುವುದಕ್ಕೆ ಈ ಚಿತ್ರಗಳೂ ನೆರವಾದವು ಎನ್ನುತ್ತಾರೆ. ಬಹುತೇಕ ಮನುಷ್ಯರ ಸುಳಿವಿಲ್ಲದ ಆ ಚಿತ್ರಗಳನ್ನು ನೋಡಿದವರಲ್ಲಿ ಅನೇಕರು ಅದನ್ನು ಯಾರೂ ಕಾಲಿಡದ ಸ್ವರ್ಗವೆಂದೇ ನಂಬಿದರು. ಚಿತ್ರ ತೆಗೆಯುವುದಕ್ಕೆ ಹತ್ತು ವರ್ಷ ಮೊದಲು, 1851ರಲ್ಲಿ, ಸಶಸ್ತ್ರ ಪಡೆಯೊಂದು ಅಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚೀ ಜನರನ್ನು ಕಣಿವೆಯಿಂದ ಹೊರಗಟ್ಟಿತ್ತು. ಚಿತ್ರದಲ್ಲಿ ಕಾಣುವ ವಿಶಾಲ ಹುಲ್ಲುಗಾವಲೂ ಬಹುಮಟ್ಟಿಗೆ ಆ ಜನ ಕಾಲಕಾಲಕ್ಕೆ ನೆಲಕ್ಕೆ ಬೆಂಕಿ ಹಾಕಿ ಕಾಪಾಡಿಕೊಂಡು ಬಂದದ್ದು. ಬೆಂಕಿ ನಿಂತ ಮೇಲೆ ಸೂಚಿಪರ್ಣಿ ಮರಗಳು ಎದ್ದು ನೋಟಕ್ಕೆ ಅಡ್ಡ ಬಂದವು. ಈಗ ಉದ್ಯಾನದ ಆಡಳಿತವೇ ಯೋಜನೆ ಹಾಕಿಕೊಂಡು, ವ್ಯೂ ಪಾಯಿಂಟ್‌ಗಳ ಮುಂದೆ ಬೆಳೆದ ಮರಗಳನ್ನು ಕಡಿಸುತ್ತದೆ. ಹಳೆಯ ಚಿತ್ರದಲ್ಲಿ ಕಂಡಂತೆಯೇ ಕಣಿವೆ ಕಾಣಬೇಕಲ್ಲ!

ಇತ್ತೀಚಿನ ಉದಾಹರಣೆಗಳು ಎಲ್ಲರಿಗೂ ಗೊತ್ತಿರುವಂಥವೇ. ಜಪಾನಿನ ಫುಜಿಕಾವಗುಚಿಕೊ ಪಟ್ಟಣದಲ್ಲಿ ಸಾಮಾನ್ಯ ಅಂಗಡಿಯೊಂದರ ಚಾವಣಿಯ ಮೇಲೆ ಫುಜಿ ಪರ್ವತ ಕೂತಂತೆ ಕಾಣುವ ಚಿತ್ರ ಜಾಲತಾಣಗಳಲ್ಲಿ ಹರಿದಾಡಿತು. ಆ ನೋಟ ಸಿಗುವುದು ಅಂಗಡಿಯ ಎದುರು, ರಸ್ತೆಯ ಈಚೆ ಬದಿಯ ಕಾಲುದಾರಿಯಿಂದ. ಜನ ವಾಹನಗಳನ್ನು ಲೆಕ್ಕಿಸದೆ ರಸ್ತೆ ದಾಟತೊಡಗಿದರು. 2024ರ ಮೇ ತಿಂಗಳಲ್ಲಿ ಆಡಳಿತ ಎರಡೂವರೆ ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಕಪ್ಪು ಜಾಲರಿ ಕಟ್ಟಿತು. ಕೆಲವೇ ದಿನಗಳಲ್ಲಿ ಅದರಲ್ಲಿ ಲೆನ್ಸ್ ತೂರುವಷ್ಟು ತೂತುಗಳು ಕಾಣಿಸಿಕೊಂಡವು. ಬಾಲಿಯ ಲೆಂಪುಯಾಂಗ್ ದೇವಾಲಯದ ಸೀಳುದ್ವಾರದ್ದು ಇನ್ನೊಂದು ಬಗೆ. ಚಿತ್ರದಲ್ಲಿ ದ್ವಾರದ ಮುಂದೆ ತಿಳಿನೀರಿನ ಕೊಳ, ಅದರಲ್ಲಿ ಪ್ರವಾಸಿಯ ಪ್ರತಿಬಿಂಬ. ನಿಜಕ್ಕೂ ಅಲ್ಲಿ ಕೊಳವೇ ಇಲ್ಲ. ಚಿತ್ರ ತೆಗೆದುಕೊಡುವವರು ಫೋನಿನ ಲೆನ್ಸಿನ ಕೆಳಅಂಚಿಗೆ ಕನ್ನಡಿಯ ಚೂರನ್ನು ಅಡ್ಡಲಾಗಿ ಒತ್ತಿ ಹಿಡಿಯುತ್ತಾರೆ. ಚೌಕಟ್ಟಿನ ಕೆಳಗಿನ ಅರ್ಧಕ್ಕೆ ಮೇಲಿನ ಅರ್ಧದ ಪ್ರತಿಬಿಂಬ ಬೀಳುತ್ತದೆ, ಕಲ್ಲುಹಾಸು ಮರೆಯಾಗುತ್ತದೆ. ಸರದಿಯಲ್ಲಿ ಗಂಟೆಗಟ್ಟಲೆ ಕಾದವರ ಸಾಲು ಹೇಗೂ ಕ್ಯಾಮೆರಾದ ಹಿಂದೆ. ಚಿತ್ರ ನಂಬಿ ಬಂದವರು ಕೊಳ ಕಾಣದೆ ಪೆಚ್ಚಾಗುತ್ತಾರೆ, ಆಮೇಲೆ ಸರದಿಯಲ್ಲಿ ನಿಂತು ಅದೇ ಚಿತ್ರ ತೆಗೆಸಿಕೊಂಡು ಹೋಗಿ ಮುಂದಿನವರನ್ನು ನಂಬಿಸುತ್ತಾರೆ.

ಇಷ್ಟೆಲ್ಲ ಅವಾಂತರಕ್ಕೆ ಪ್ರವಾಸಿಯೊಬ್ಬನೇ ಹೊಣೆಯಲ್ಲ. ಖಾಲಿ ಚಿತ್ರವನ್ನು ಮೊದಲು ಒದಗಿಸಿದವರು ನಾವು, ಛಾಯಾಗ್ರಾಹಕರು ಮತ್ತು ಪತ್ರಿಕೆಗಳು.

ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿದವರೂ ಇದ್ದಾರೆ. ಅಮೆರಿಕದ ಛಾಯಾಗ್ರಾಹಕ ರೋಜರ್ ಮಿನಿಕ್ 1980ರಲ್ಲಿ ಅದೇ ಯೊಸೆಮಿಟಿಯಲ್ಲಿ ತೆಗೆದ ಚಿತ್ರವೊಂದರಲ್ಲಿ ಮಹಿಳೆಯೊಬ್ಬರು ಕಣಿವೆಗೆ ಮುಖಮಾಡಿ, ನಮಗೆ ಬೆನ್ನು ತೋರಿಸಿ ನಿಂತಿದ್ದಾರೆ. ಅವರ ತಲೆಗೆ ಕಟ್ಟಿದ ವಸ್ತ್ರದ ಮೇಲೆ ಅಚ್ಚಾಗಿರುವುದು ಅದೇ ಕಣಿವೆಯ ಚಿತ್ರ. ಬ್ರಿಟನ್ನಿನ ಮಾರ್ಟಿನ್ ಪಾರ್ 1990ರಲ್ಲಿ ಪಿಸಾದಲ್ಲಿ, ವಾಲಿದ ಗೋಪುರವನ್ನು ಕೈಯಿಂದ ‘ತಡೆದು ನಿಲ್ಲಿಸುವ’ ಪ್ರವಾಸಿಗರನ್ನು ಬದಿಯಿಂದ ತೆಗೆದರು. ಎಲ್ಲರೂ ಬರೀ ಗಾಳಿಯನ್ನು ತಳ್ಳುತ್ತಿದ್ದಾರೆ. ಜರ್ಮನಿಯ ಥಾಮಸ್ ಸ್ಟ್ರೂತ್ 2004ರಲ್ಲಿ ಫ್ಲಾರೆನ್ಸಿನಲ್ಲಿ ಮೈಕೆಲೆಂಜೆಲೊನ ಡೇವಿಡ್ ಪ್ರತಿಮೆಯನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಟ್ಟು, ತಲೆಯೆತ್ತಿ ನೋಡುತ್ತಿರುವವರ ಮುಖಗಳನ್ನಷ್ಟೇ ತೆಗೆದರು. ನನ್ನ ಮಟ್ಟಿಗೆ ಮೂವರಲ್ಲಿ ಮಿನಿಕ್ ಅವರದೇ ಮೇಲು. ನೋಟವೂ ನೋಡುವವರೂ ಒಂದೇ ಚೌಕಟ್ಟಿನಲ್ಲಿದ್ದಾರೆ, ಯಾರನ್ನೂ ಗೇಲಿ ಮಾಡಿಲ್ಲ.

ಪಿಸಾದ ತಂತ್ರ ಎಲ್ಲಿ ಬೇಕಾದರೂ ಕೆಲಸಕ್ಕೆ ಬರುತ್ತದೆ, ಅದರ ಲೆಕ್ಕ ಸರಳ. ಪ್ರವಾಸಿಯ ಕೈ ಅವನ ಗೆಳೆಯನ ಫೋನಿನಿಂದ 4 ಮೀಟರ್ ದೂರದಲ್ಲಿದೆ, ಗೋಪುರ 100 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಗೆಳೆಯನ ಪಕ್ಕಕ್ಕೆ ಒಂದೇ ಒಂದು ಮೀಟರ್ ಸರಿದು ನೋಡಿದರೆ ಕೈ ಸುಮಾರು 14 ಡಿಗ್ರಿ ಜರುಗುತ್ತದೆ, ಗೋಪುರ ಅರ್ಧ ಡಿಗ್ರಿಗೆ ತುಸು ಹೆಚ್ಚು ಅಷ್ಟೇ. ಎರಡರ ನಂಟು ಕಳಚಿಬಿತ್ತು. ಆದ್ದರಿಂದ ಪ್ರವಾಸಿಗಳನ್ನು ತೆಗೆಯುವವರಿಗೆ ಮೊದಲ ಪಾಠ: ಎಲ್ಲರೂ ಕ್ಯಾಮೆರಾ ಹಿಡಿದು ನಿಲ್ಲುವ ಜಾಗದಲ್ಲಿ ನಿಲ್ಲಬೇಡಿ. ಕಂಬಿಗೆ ನಲವತ್ತೈದು ಡಿಗ್ರಿ ಓರೆಯಾಗಿ ಐದಾರು ಮೀಟರ್ ಹಿಂದೆ ಸರಿದರೆ ಕಂಬಿ, ಅದಕ್ಕೊರಗಿದವರ ಮುಖದ ಒಂದು ಪಕ್ಕ, ಅವರು ನೋಡುತ್ತಿರುವ ನೋಟ ಮೂರೂ ಸಿಗುತ್ತವೆ.

ಲೆನ್ಸ್ 35 ಮಿ.ಮೀ. ಇರಲಿ (36×24 ಮಿ.ಮೀ. ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ; ಈ ಸಂಖ್ಯೆ ಹೆಚ್ಚಿದಷ್ಟೂ ನೋಟ ಕಿರಿದಾಗಿ ದೂರದ್ದು ದೊಡ್ಡದಾಗಿ ಕಾಣುತ್ತದೆ). 5 ಮೀಟರ್ ದೂರದಲ್ಲಿರುವ 1.7 ಮೀಟರ್ ಎತ್ತರದ ವ್ಯಕ್ತಿ ಅಡ್ಡ ಚೌಕಟ್ಟಿನ ಅರ್ಧ ಎತ್ತರ ತುಂಬುತ್ತಾರೆ, ಉಳಿದರ್ಧ ಬೆಟ್ಟಕ್ಕೆ. ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/11ಕ್ಕೆ ಇಳಿಸಿ ಫೋಕಸ್ ಅನ್ನು 3.7 ಮೀಟರಿಗೆ ನಿಲ್ಲಿಸಿದರೆ ಸುಮಾರು 1.9 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ಫೋಕಸ್ ಹುಡುಕುತ್ತ ಕ್ಷಣ ಕಳೆದುಕೊಳ್ಳುವ ಪ್ರಮೇಯವಿಲ್ಲ. ಹಿನ್ನೆಲೆ ಮಸುಕಾಗಿಸುವ ಚಟ ಇಲ್ಲಿ ಬೇಡವೇ ಬೇಡ. ಬೆಟ್ಟ ಮಸುಕಾದರೆ ಉಳಿಯುವುದು ಬರೀ ಒಬ್ಬರ ಭಾವಚಿತ್ರ. ಫೋನಿನ ಅತಿವಿಶಾಲ ಲೆನ್ಸೂ ಬೇಡ, ಅಂಚಿನಲ್ಲಿ ನಿಂತವರ ತಲೆ ಹೊರಕ್ಕೆ ಹಿಗ್ಗುತ್ತದೆ, ಬೆಟ್ಟ ಇರುವೆಗೂಡಿನಷ್ಟಾಗುತ್ತದೆ. ‘ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಬೆಟ್ಟ ಫೋಟೊದಲ್ಲಿ ಇಷ್ಟೇ’ ಎಂಬ ದೂರಿಗೆ ಕಾರಣ ಇದೇ. ಬೆಟ್ಟ ಎದ್ದು ನಿಲ್ಲಬೇಕಾದರೆ 24ರ ಬದಲು 72 ಮಿ.ಮೀ. ಲೆನ್ಸ್ ಹಾಕಿ, ವ್ಯಕ್ತಿಯಿಂದ 2 ಮೀಟರ್ ಬದಲು 6 ಮೀಟರ್ ದೂರ ನಿಲ್ಲಬೇಕು. ವ್ಯಕ್ತಿಯ ಗಾತ್ರ ಅಷ್ಟೇ ಇರುತ್ತದೆ, ಬೆಟ್ಟ ಮೂರು ಪಟ್ಟು ದೊಡ್ಡದಾಗುತ್ತದೆ. ಪ್ರವಾಸೋದ್ಯಮದ ಪೋಸ್ಟರುಗಳು ಇದನ್ನೇ ಮಾಡುತ್ತವೆ. ಹಾಗಾಗಿ ಎಷ್ಟು ಉದ್ದದ ಲೆನ್ಸಿನಲ್ಲಿ ತೆಗೆದದ್ದೆಂದು ಅಡಿಬರಹದಲ್ಲಿ ಹಾಕಿದರೆ ಓದುಗರಿಗೆ ಉಪಕಾರ.

ಕ್ಷಿತಿಜದ ತೊಡಕು ಒಂದಿದೆ. ಸಮತಟ್ಟಾದ ಕಟ್ಟೆಯ ಮೇಲೆ ಎಲ್ಲರೂ ನಿಂತಿದ್ದಾಗ ಕ್ಯಾಮೆರಾ ಯಾವ ಎತ್ತರದಲ್ಲಿದೆಯೋ ಅದೇ ಎತ್ತರದಲ್ಲಿ ಕ್ಷಿತಿಜ ಎಲ್ಲರ ಮೈಯನ್ನೂ ದಾಟುತ್ತದೆ. ಕಣ್ಣಿನ ಮಟ್ಟದಲ್ಲಿ ಹಿಡಿದರೆ ಸಾಲಾಗಿ ನಿಂತವರೆಲ್ಲರ ತಲೆಯನ್ನು ಸಮುದ್ರದ ಗೆರೆ ಸೀಳಿದಂತೆ ಕಾಣುತ್ತದೆ. ಅರ್ಧ ಮೀಟರ್ ಎತ್ತರದ ಮೆಟ್ಟಿಲು ಹತ್ತಿದರೆ ತಲೆಗಳು ಗೆರೆಯ ಕೆಳಗೆ ಇಳಿಯುತ್ತವೆ, ಕುಕ್ಕರಗಾಲಿನಲ್ಲಿ ಕೂತರೆ ಆಕಾಶಕ್ಕೆ ಏರುತ್ತವೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ನಡುವೆ ನಿಲ್ಲಬೇಡಿ.

ಪ್ರವಾಸಿಗರು ಬರುವುದು ಹೆಚ್ಚಾಗಿ ಸುಡುಬಿಸಿಲಿನಲ್ಲಿ. ಟೋಪಿ ಕೆಳಗಿನ ಮುಖ ಕಪ್ಪು, ಕಣಿವೆ ಬೆಳ್ಳಗೆ. ‘ಬೆಳಕು ಚೆನ್ನಾಗಿಲ್ಲ’ ಎಂದು ಚೀಲ ಮುಚ್ಚುವ ಹೊತ್ತಿನಲ್ಲೇ ಈ ಕೆಲಸ ಶುರುವಾಗುವುದು, ಇಲ್ಲಿ ಫ್ಲ್ಯಾಶ್ ಬೇಕು. ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 100, ಎಫ್/11, ಶಟರ್ 1/200 ಸೆಕೆಂಡ್ ಎಂದರೆ ನಡುಮಧ್ಯಾಹ್ನದ ಬಿಸಿಲಿಗೆ ನೋಟ ಸರಿಯಾಗಿ ಬರುತ್ತದೆ, ಬಹುತೇಕ ಕ್ಯಾಮೆರಾಗಳ ಫ್ಲ್ಯಾಶ್ ಹೊಂದುವ ವೇಗದ ಮಿತಿಯೊಳಗೂ ಇರುತ್ತದೆ. ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) 40 ಇರುವ ಫ್ಲ್ಯಾಶ್ ಎಫ್/11ರಲ್ಲಿ ಪೂರ್ಣ ಬೆಳಕು ಕೊಡುವುದು 3.6 ಮೀಟರಿನವರೆಗೆ. ಆದರೆ ನೆರಳು ತುಂಬಲು ಒಂದೂವರೆ ಸ್ಟಾಪ್ ಕಡಿಮೆ ಬೆಳಕೇ ಸಾಕು, ಹಾಗಾಗಿ 5 ಮೀಟರಿಗೂ ಧಾರಾಳವಾಗಿ ಮುಟ್ಟುತ್ತದೆ. ಟಿಟಿಎಲ್ (ಕ್ಯಾಮೆರಾವೇ ಲೆನ್ಸಿನ ಮೂಲಕ ಬೆಳಕು ಅಳೆದು ಫ್ಲ್ಯಾಶ್ ಹೊಂದಿಸುವ ಸೌಲಭ್ಯ) ಇದ್ದರೆ –1.3ಕ್ಕೆ ಇಳಿಸಿಡಿ. ಪೂರ್ತಿ ಬಿಟ್ಟರೆ ಜನ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತಾರೆ. ಹೈಸ್ಪೀಡ್ ಸಿಂಕ್ (ಆ ವೇಗದ ಮಿತಿ ಮೀರಿದ ಶಟರಿಗೂ ಫ್ಲ್ಯಾಶ್ ಹೊಂದಿಸುವ ಸೌಲಭ್ಯ) ಹಾಕಿದರೆ ಫ್ಲ್ಯಾಶಿನ ಶಕ್ತಿ ಸೋರಿಹೋಗಿ ಆ ದೂರ ತಲುಪುವುದೇ ಇಲ್ಲ. ಫೋನಿನ ದೀಪವಂತೂ ಹಗಲಿನಲ್ಲಿ ಲೆಕ್ಕಕ್ಕಿಲ್ಲ. ಹಿಮದ ಜಾಗಗಳಲ್ಲಿ ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿಯನ್ನು ಬೂದು ಮಾಡುತ್ತದೆ, ಎಕ್ಸ್‌ಪೋಷರ್ ಒಂದರಿಂದ ಒಂದೂ ಮುಕ್ಕಾಲು ಸ್ಟಾಪ್ ಹೆಚ್ಚಿಸಿ.

ಯಾವಾಗ ಒತ್ತಬೇಕು? ಬಸ್ಸಿನಿಂದ ಇಳಿದ ಗುಂಪಿಗೆ ಒಂದು ಗತಿ ಇರುತ್ತದೆ. ಮೊದಲು ಎಲ್ಲರೂ ಕಂಬಿಯತ್ತ ಓಡಿ ನೋಟದ ಫೋಟೊ ತೆಗೆಯುತ್ತಾರೆ. ಆಮೇಲೆ ಬೆನ್ನು ತಿರುಗಿಸಿ ತಮ್ಮದನ್ನು ತೆಗೆದುಕೊಳ್ಳುತ್ತಾರೆ. ಆಮೇಲೆ ತಲೆ ತಗ್ಗಿಸಿ ತೆರೆಯಲ್ಲಿ ಚಿತ್ರ ಸರಿಬಂದಿದೆಯೇ ಎಂದು ನೋಡುತ್ತಾರೆ. ಹಾರ್ನ್ ಆದ ಮೇಲೆ, ಹೊರಡುವ ಮುನ್ನ, ಕೆಲವರು ಫೋನನ್ನು ಜೇಬಿಗಿಟ್ಟು ಒಂದು ಸಲ ಸುಮ್ಮನೆ ಹಿಂತಿರುಗಿ ನೋಡುತ್ತಾರೆ. ಮೂರನೆಯ ಹಂತದ ಚಿತ್ರಗಳು ಈಗಾಗಲೇ ಸಾಕಷ್ಟು ಬಂದಿವೆ, ಅವನ್ನು ನೋಡಿ ನಗುವುದು ಸುಲಭ. ನಾಲ್ಕನೆಯದಕ್ಕೆ ಕಾಯುವ ತಾಳ್ಮೆ ಇರುವವರು ಕಡಿಮೆ.

ಬೆನ್ನು ಕಡೆಯಿಂದ ತೆಗೆದರೆ ಯಾರ ಗೊಡವೆಯೂ ಇಲ್ಲ ಎನ್ನುವವರಿಗೆ ಒಂದು ಮಾತು. ಬಂಡೆಯ ತುದಿಯಲ್ಲಿ ಬೆನ್ನು ತೋರಿಸಿ ನಿಂತ ಒಂಟಿ ವ್ಯಕ್ತಿ, ಕೆಳಗೆ ಮಂಜು ತುಂಬಿದ ಕಣಿವೆ: ಈ ಭಂಗಿಯನ್ನು ಜರ್ಮನಿಯ ವರ್ಣಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ 1818ರ ಸುಮಾರಿಗೇ ಬರೆದು ಮುಗಿಸಿದ್ದಾನೆ. ಇಂದು ಅದು ಹಳದಿ ಜಾಕೆಟ್ ತೊಟ್ಟು ಜಾಲತಾಣದ ತುಂಬ ನಿಂತಿದೆ. ಅದೂ ಖಾಲಿ ಚಿತ್ರದ ಇನ್ನೊಂದು ಅವತಾರ. ಆ ಒಬ್ಬ ವ್ಯಕ್ತಿ ಉಳಿದವರನ್ನೆಲ್ಲ ಮರೆಮಾಡಲು ನಿಂತಂತಿರುತ್ತಾನೆ. ಮಿನಿಕ್ ಚಿತ್ರದ ಬೆನ್ನು ಬೇರೆಯಾಗುವುದು ತಲೆವಸ್ತ್ರದಿಂದ. ಏನೂ ಹೇಳದ ಬೆನ್ನನ್ನು ಬಿಟ್ಟುಬಿಡಿ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯ 1907ರ ಕಾಯ್ದೆ ಈ ವಿಷಯದಲ್ಲಿ ಮೆಚ್ಚುವಷ್ಟು ನಿಖರ: ವ್ಯಕ್ತಿಯ ಚಿತ್ರ ಪ್ರಕಟಿಸಲು ಒಪ್ಪಿಗೆ ಬೇಕು ಎನ್ನುತ್ತದೆ 22ನೇ ಕಲಂ, ಭೂದೃಶ್ಯದ ಪಕ್ಕದಲ್ಲಿ ಪ್ರಾಸಂಗಿಕವಾಗಿ ಮಾತ್ರ ಕಾಣಿಸಿಕೊಂಡವರಿಗೆ ಒಪ್ಪಿಗೆ ಬೇಡ ಎನ್ನುತ್ತದೆ 23ನೇ ಕಲಂ. ಐದು ಮೀಟರಿನಿಂದ ಅರ್ಧ ಚೌಕಟ್ಟು ತುಂಬಿದವರನ್ನು ಪ್ರಾಸಂಗಿಕ ಎನ್ನಲಾಗದು. ಆದ್ದರಿಂದ ಕೇಳಿಬಿಡುವುದೇ ಸರಿ, ತೆಗೆದ ಮೇಲೆ ತೋರಿಸಿ ಕೇಳಿದರೂ ಆದೀತು. ಬೇಡವೆಂದರೆ ಅವರ ಎದುರೇ ಅಳಿಸಬೇಕು. ಮಕ್ಕಳಿದ್ದರೆ ತಂದೆತಾಯಿಯನ್ನು ಮೊದಲೇ ಕೇಳಬೇಕು. ತುಂಬಿದ ಬಾಯಿ, ಗಾಳಿಗೆ ಹಾರಿದ ಬಟ್ಟೆ, ಮುಗ್ಗರಿಸಿದ ಗಳಿಗೆ, ಇವನ್ನು ಕೇಳಿಯೂ ತೆಗೆಯಬಾರದು. ಕ್ಯಾಮೆರಾ ಹಿಡಿದವರೂ ಅಲ್ಲಿಗೆ ಟಿಕೆಟ್ ಕೊಂಡೇ ಬಂದಿರುತ್ತಾರೆ.

ಕೊನೆಗೆ ನಿಮ್ಮ ಪುಟ ಕಟ್ಟುವವರಿಗೆ. ಪತ್ರಿಕೆಯ ಕಾಗದದ ಮೇಲೆ ಅಚ್ಚಿನ ಚುಕ್ಕಿಗಳು ಸಾಮಾನ್ಯವಾಗಿ ಇಂಚಿಗೆ 85ರಿಂದ 100 ಸಾಲು. ಚಿತ್ರ 10 ಸೆಂ.ಮೀ. ಎತ್ತರಕ್ಕೆ ಅಚ್ಚಾದರೆ ಅರ್ಧ ಚೌಕಟ್ಟು ತುಂಬಿದ ವ್ಯಕ್ತಿಯ ತಲೆ 6–7 ಮಿ.ಮೀ. ಬರುತ್ತದೆ, 85 ಸಾಲಿನ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚುಕ್ಕಿ. ಮುಖದ ಭಾವ ಓದಬಹುದು. ಅದೇ ಚಿತ್ರವನ್ನು 5 ಸೆಂ.ಮೀ.ಗೆ ಇಳಿಸಿದರೆ ಹನ್ನೊಂದು ಚುಕ್ಕಿ, ಮುಖ ಬರೀ ಮಸಿ. ಹಾಗಾಗಿ ಇಂಥ ಚಿತ್ರವನ್ನು ಅಂಚೆಚೀಟಿಯಷ್ಟು ಮಾಡಿ ಮೂಲೆಗೆ ತಳ್ಳಬೇಡಿ. ಜಾಗ ಸಾಲದಿದ್ದರೆ ಮೇಲಿನ ಆಕಾಶ ಕತ್ತರಿಸಿ, ಎಡಬಲದ ಜನರನ್ನಲ್ಲ. ಅಡಿಬರಹದಲ್ಲಿ ಎಲ್ಲಿಂದ ತೆಗೆದದ್ದು, ಎಷ್ಟು ಹೊತ್ತಿಗೆ, ಯಾವ ಲೆನ್ಸು, ಯಾರನ್ನಾದರೂ ಅಳಿಸಲಾಗಿದೆಯೇ ಎಂಬ ನಾಲ್ಕು ಸಂಗತಿ ಇರಲಿ. ಚಿತ್ರ ಕಳುಹಿಸುವವರಿಂದ ಅದರ ಹಿಂದಿನ ಮತ್ತು ಮುಂದಿನ ಕ್ಲಿಕ್ಕುಗಳನ್ನೂ ತರಿಸಿಕೊಳ್ಳಿ, ಮೂಲ ಕಡತದ ಸಮೇತ. ಕೊಡಲು ಹಿಂಜರಿದರೆ ಆ ವಾರ ಆ ಜಾಗದಲ್ಲಿ ನಕಾಶೆ ಹಾಕಬಹುದು. ವಾಹನ ನಿಲ್ದಾಣ ಎಲ್ಲಿದೆ, ಕಂಬಿ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಅದರಲ್ಲಿ ಗುರುತಿಸಿದರೆ ಹೋಗುವವರಿಗೆ ಹೆಚ್ಚು ಪ್ರಯೋಜನ.

– ಇಂತಿ, ವೃತ್ತಿನಿರತ ಛಾಯಾಗ್ರಾಹಕ ಓದುಗ